ಬೀಳ್ಕೊಡುಗೆಯ ಹಾಡು

ಬಸ್ ಡಿಪೋದ ಫೋರ್‌ಮನ್ ನಿವೃತ್ತನಾದ ದಿನ ಅವನ ಮೇಲೆ ಹಾಡು ಕಟ್ಟಿದವನು ಅವನ ಜೀವದ ಗೆಳೆಯ ಕಂಡಕ್ಟರೇ. ಟಿಕೆಟ್ ಹರಿಯುತ್ತಲೇ ಪ್ರಾಸ ಹೊಸೆಯುವ ಬಾಯಿ ಅವನದು. ಸೀಟಿಗಾಗಿ ಕಿತ್ತಾಡುವವರೂ ಅವನ ಮಾತಿಗೆ ನಕ್ಕು ಸುಮ್ಮನಾಗುತ್ತಿದ್ದರು. ಫೋರ್‌ಮನ್‌ನದು ಕಡಿಮೆ ಮಾತು. ಬ್ರೇಕು ನೋಡಿ ಮುಗಿಸಿ, ಕೈ ಒರೆಸಿಕೊಂಡು, "ಇನ್ನೊಂದ್ಸಲ ನೋಡ್ಬಿಡ್ತೀನಿ" ಎಂದು ಮತ್ತೆ ಬಸ್ಸಿನಡಿಗೆ ತೂರುವುದು ಅವನ ಅಭ್ಯಾಸ. ಹೊರಗೆ ಡ್ರೈವರುಗಳು ಹಲ್ಲು ಕಡಿಯುತ್ತಿದ್ದರು.

ಟೈರುಗಳನ್ನು ಗೋಡೆಗೆ ಸರಿಸಿ ವರ್ಕ್‌ಶಾಪಿನಲ್ಲೇ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಫೋರ್‌ಮನ್, ಅವನ ಹೆಂಡತಿ, ಮಗಳು. ಕಂಡಕ್ಟರ್ ಗಂಟಲು ಸರಿಮಾಡಿಕೊಂಡ.

"ನಟ್ಟು ಬಿಗಿಸಿ ನೋಡ್ತಾನೆ, ಬಿಚ್ಚಿ ಮತ್ತೆ ನೋಡ್ತಾನೆ,
ಬಸ್ಸು ಹೊರಡೋ ಹೊತ್ತಿಗೆ ಮದುಮಗ ಮುದುಕನಾಗ್ತಾನೆ!"

"ಇನ್ನೊಂದ್ಸಲ ನೋಡ್ಬಿಡ್ತೀನಿ!" ಎಂದು ಎಲ್ಲರೂ ಪಲ್ಲವಿ ಎತ್ತಿಕೊಂಡರು. ಚಪ್ಪಾಳೆ ಕಂಡಕ್ಟರನ ತಲೆಗೇರಿತು. ಬರೆದುಕೊಂಡು ಬಂದಿರದ ಸಾಲೊಂದು ಅವನ ಬಾಯಿಗೆ ತಾನಾಗಿ ಬಂತು: "ಹೆಣ್ಣು ನೋಡಲು ಹೋದಾಗ್ಲೂ ಹಿಂಗೇ ಅಂದಿದ್ನಂತೆ!" ಶೆಡ್ಡು ಹಾರಿಹೋಗುವಂತೆ ನಗು. ಫೋರ್‌ಮನ್‌ನ ಹೆಂಡತಿ ತಲೆ ತಗ್ಗಿಸಿದಳು. ಫೋರ್‌ಮನ್ ಕೂಡ ನಕ್ಕ, ಕರವಸ್ತ್ರದಿಂದ ಕಣ್ಣೊರೆಸಿಕೊಂಡ.

ಅವನು ಯಾಕೆ ಎರಡೆರಡು ಸಲ ನೋಡುತ್ತಾನೆ ಎಂಬುದು ಆ ಶೆಡ್ಡಿನಲ್ಲಿ ಕಂಡಕ್ಟರ್ ಒಬ್ಬನಿಗೇ ಗೊತ್ತಿತ್ತು. ಹರೆಯದಲ್ಲಿ ಅವನು ಸರಿಯಿದೆ ಎಂದು ಬಿಟ್ಟ ಬಸ್ಸೊಂದು ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ನುಗ್ಗಿ, ಹೂ ಮಾರುವವಳೊಬ್ಬಳು ಕಾಲು ಕಳೆದುಕೊಂಡಿದ್ದಳು. ಅಂದು ಆಸ್ಪತ್ರೆಯ ಬೆಂಚಿನ ಮೇಲೆ, ಗೆಳೆಯನ ಭುಜ ಹಿಡಿದು ಕೂತಿದ್ದವನು ಇದೇ ಕಂಡಕ್ಟರ್.

ಬೀಳ್ಕೊಡುಗೆಯಾದ ಮೇಲೆ ಫೋರ್‌ಮನ್ ಇಬ್ಬರೂ ದಿನಾ ಕೂರುತ್ತಿದ್ದ ಟೀ ಅಂಗಡಿಯ ಕಡೆ ತಲೆ ಹಾಕಲಿಲ್ಲ. ದಣಿದಿದ್ದಾನೆ, ಮಲಗಲಿ ಎಂದುಕೊಂಡ ಕಂಡಕ್ಟರ್. ಆಮೇಲೊಮ್ಮೆ ಮಾರ್ಕೆಟ್ಟಿನಲ್ಲಿ ಎದುರಾದಾಗ ಫೋರ್‌ಮನ್ ರಸ್ತೆ ದಾಟಿ ಆಚೆ ಬದಿಗೆ ಹೋದ. ಹಾಡು ಮಾತ್ರ ಡಿಪೋದಿಂದ ಬೀದಿಗಿಳಿದು, ಗೋಲಿ ಆಡುವ ಮಕ್ಕಳ ಬಾಯಿಗೂ ಬಿದ್ದಿತ್ತು.

ಕಂಡಕ್ಟರನ ಅಕ್ಕನ ಮಗಳು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಒಂದು ಭಾನುವಾರ ಮನೆಗೆ ಬಂದವಳಿಗೆ ಅವನು ಹಾಡು ಹೇಳಿ ತೋರಿಸಿದ. ಅವಳು ನಕ್ಕು, "ಮಾವ, ಇಂಗ್ಲಿಷಲ್ಲಿ ಇದಕ್ಕೆ ಲ್ಯಾಂಪೂನ್ ಅಂತಾರೆ" ಎಂದಳು.

"ಲ್ಯಾಂಪೇ? ದೀಪ ಹಚ್ಚೋದಾ?"

"ದೀಪ ಅಲ್ಲ, ಬೆಂಕಿ! ಒಬ್ಬರನ್ನ ಹಿಡ್ಕೊಂಡು ಎಲ್ಲರೆದುರಿಗೆ ಗೇಲಿ ಮಾಡಿ ಬರೆಯೋದು. ಫ್ರೆಂಚಲ್ಲಿ ಲಾಂಪೋಂ ಅಂದ್ರೆ 'ಕುಡಿಯೋಣ ಬನ್ರೋ' ಅಂತ. ಕುಡುಕರ ಹಾಡಿನ ಪಲ್ಲವಿಯಂತೆ ಅದು. ಒಬ್ಬ ಯಾರನ್ನೋ ಆಡ್ಕೊಳ್ಳೋದು, ಮಿಕ್ಕವರು ಪಲ್ಲವಿಗೆ ದನಿ ಸೇರಿಸೋದು. ಅಲ್ಲಿಂದ ಈ ಪದ ಬಂದಿರಬೇಕು ಅಂತ ನಿಘಂಟು ಬರೆಯೋರ ಊಹೆ."

ಕಂಡಕ್ಟರನ ಮುಖ ಸಪ್ಪಗಾಯಿತು. "ಅವರಿಗೆ ಅಮಲಿತ್ತು ಅನ್ನು. ನಾನು ಅವತ್ತು ಕುಡಿದದ್ದು ಬರೀ ಟೀ ಕಣೇ."

ಮರುದಿನ ಅವನು ಫೋರ್‌ಮನ್ ಮನೆಗೆ ಹೋದ. ಬಾಗಿಲು ತೆರೆದ ಗೆಳೆಯ, "ಬನ್ನಿ, ಕೂತ್ಕೊಳ್ಳಿ" ಎಂದ. ಇಷ್ಟು ವರ್ಷ "ಬಾರೋ, ಹೋಗೋ" ಎನ್ನುತ್ತಿದ್ದ ಬಾಯಿ ಅದು.

"ಯಾಕೋ ಈ ಬಹುವಚನ? ಬೈಯೋದಿದ್ರೆ ಬೈದ್ಬಿಡು."

"ಬೈಯೋಕೇನಿದೆ? ಹಾಡು ಚೆನ್ನಾಗೇ ಇತ್ತು."

"ಗೊತ್ತಿದ್ದೂ ಗೊತ್ತಿದ್ದೂ ಹಾಡಿದೆ ಕಣೋ. ತಪ್ಪಾಯ್ತು."

ಫೋರ್‌ಮನ್ ಕಿಟಕಿಯಾಚೆ ನೋಡಿದ. "ಗೊತ್ತಿಲ್ದೋರು ನಕ್ಕರೆ ನನಗೇನೂ ಅನ್ಸಲ್ಲ. ಆದ್ರೆ ನೀವು ಅವತ್ತು ಆಸ್ಪತ್ರೇಲಿ ನನ್ನ ಪಕ್ಕ ಕೂತಿದ್ರಿ." ಇತ್ತ ತಿರುಗಿ, "ಹೋಗ್ಲಿ ಬಿಡಿ, ಮನಸಲ್ಲಿ ಇಟ್ಕೊಂಡಿಲ್ಲ. ಟೀ ತಗೊಳ್ಳಿ" ಎಂದ.

ಫೋರ್‌ಮನ್‌ನ ಹೆಂಡತಿ ಟೀ ತಂದಿಟ್ಟು ಒಳಗೆ ಹೋದಳು. ಟೀ ಕುಡಿದು ಕಂಡಕ್ಟರ್ ಎದ್ದು ಬಂದ.

ಡಿಪೋದಲ್ಲಿ ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ: "ಆ ಹಾಡು ಬೇಡ್ರಪ್ಪ, ನಿಮ್ಮ ದಮ್ಮಯ್ಯ." ಅದೂ ಅವನದೊಂದು ಹೊಸ ತಮಾಷೆ ಎಂದುಕೊಂಡು ಅವರು ಇನ್ನಷ್ಟು ನಕ್ಕರು. ಬಸ್ಸು ಹತ್ತಿದರೆ ಹೊಸ ಡ್ರೈವರ್ ಸ್ಟೇರಿಂಗ್ ಮೇಲೆ ತಾಳ ಹಾಕುತ್ತ ಅದನ್ನೇ ಹಾಡುತ್ತಿದ್ದ. ಕಂಡಕ್ಟರ್ ಸಿಟ್ಟಿನಿಂದ ಸೀಟಿ ಊದಿದ. ಹೊರಡಲು ಹೇಳಿದನೆಂದು ತಿಳಿದ ಡ್ರೈವರ್, ಹಾಡುತ್ತಲೇ ಗೇರು ಹಾಕಿದ.