ಆಕೆಯ ಮಾತನ್ನು ಆಕೆಯೇ ಮುಗಿಸಲಿ

ಜೇಡಗಳ ಬಗ್ಗೆ ಸಂಶೋಧನೆ ಮಾಡುವವರ ಒಂದು ಸಂಘವಿತ್ತು. ವರ್ಷಕ್ಕೊಮ್ಮೆ ಇನ್ನೂರು ಮಂದಿ ಒಂದು ಸಭಾಂಗಣದಲ್ಲಿ ಸೇರುತ್ತಿದ್ದರು. ಜೇಡದ ವಿಷಯಕ್ಕೆ ಬಂದರೆ ಇವರಷ್ಟು ಮೆದು ಮನಸ್ಸಿನವರು ಬೇರೆ ಇಲ್ಲ. ಮೂಲೆಯಲ್ಲಿ ಬಲೆ ಕಂಡರೆ ಪೊರಕೆ ಹಿಡಿದವರ ಕೈ ತಡೆಯುತ್ತಿದ್ದರು. ಕಾಲು ಮುರಿದ ಜೇಡ ಕಂಡರೆ ಅಯ್ಯೋ ಪಾಪ ಎನ್ನುತ್ತಿದ್ದರು. ಆದರೆ ಎರಡು ಕಾಲಿನವರೊಬ್ಬರು ವೇದಿಕೆ ಹತ್ತಿ ತಮ್ಮ ಕೆಲಸದ ಬಗ್ಗೆ ಹೇಳಲು ನಿಂತರೆ ಮುಗಿಯಿತು, ಕೂತವರ ನಾಲಗೆಗೆ ತುರಿಕೆ ಹತ್ತುತ್ತಿತ್ತು. ಮಧ್ಯೆ ಬಾಯಿ ಹಾಕುವುದು, ಉಚ್ಚಾರಣೆ ಆಡಿಕೊಳ್ಳುವುದು, ಪಕ್ಕದವರ ಕಿವಿಯಲ್ಲಿ ಏನೋ ಉಸುರಿ ಕಿಸಕ್ಕೆನ್ನುವುದು. ಇದಕ್ಕೆ ಅವರೊಳಗೆ 'ಹುರಿಯುವುದು' ಎಂಬ ಹೆಸರೂ ಇತ್ತು. ಹುರಿದರೆ ಹೊಸಬರು ಗಟ್ಟಿಯಾಗುತ್ತಾರೆ ಎಂದು ಹಿರಿಯರು ನಂಬಿದ್ದರು. ಸೀದುಹೋದವರು ಎತ್ತ ಹೋದರು ಎಂದು ಯಾರೂ ಕೇಳುತ್ತಿರಲಿಲ್ಲ.

ಸಂಘದ ಅಧ್ಯಕ್ಷರನ್ನು ಎಲ್ಲರೂ ಕರೆಯುತ್ತಿದ್ದುದು ಜೇಡದ ಮೇಷ್ಟ್ರು ಎಂದೇ. ನಲವತ್ತು ವರ್ಷದ ಅನುಭವ. ಅವರ ಕೋಣೆಯ ಕಪಾಟಿನ ತುಂಬ ಪುಟ್ಟ ಗಾಜಿನ ಸೀಸೆಗಳು, ಪ್ರತಿ ಸೀಸೆಯಲ್ಲೂ ಒಂದು ಜೇಡ, ಪ್ರತಿ ಸೀಸೆಗೂ ಅವರದೇ ಸಣ್ಣಕ್ಷರದ ಚೀಟಿ. ಈಗಲೂ ಹೊಸ ಜೇಡವೊಂದು ಕೈಗೆ ಬಂದರೆ ಊಟದ ಹೊತ್ತು ಮರೆಯುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಕಾಯುವುದೊಂದು ಮಾತ್ರ ಅವರಿಂದ ಆಗದು.

ವಾರ್ಷಿಕ ಸಭೆಗೆ ಮೂರು ವಾರ ಇರುವಾಗ ಮೇಷ್ಟ್ರು ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯ ಗ್ರಂಥಪಾಲಕಿ ಅವರ ಕೋಣೆಗೆ ಬಂದರು. ಸಂಘದ ಕಾರ್ಯದರ್ಶಿಯೂ ಅವರೇ. ಕೈಯಲ್ಲಿ ಒಂದೇ ಒಂದು ಹಾಳೆ ಇತ್ತು. ಸಂಘದ ಸದಸ್ಯರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳಬೇಕು ಎಂಬ ನಿಯಮಗಳ ಕರಡು. ಮಾತಾಡುವವರನ್ನು ಮಧ್ಯೆ ತಡೆಯಬಾರದು, ಹೆಚ್ಚು ಸಮಯ ಬೇಕಾದವರಿಗೆ ಕೊಡಬೇಕು, ಕೆಲಸವನ್ನು ಪ್ರಶ್ನಿಸಬಹುದು ಆದರೆ ಆಳನ್ನು ಹಂಗಿಸಬಾರದು, ದೂರು ಯಾರ ಮೇಲಿದೆಯೋ ಆ ದೂರು ಅವರ ಕೈಗೇ ಹೋಗಬಾರದು ಎಂದೆಲ್ಲ ಅದರಲ್ಲಿತ್ತು.

ಮೇಷ್ಟ್ರು ಓದಿ ಕನ್ನಡಕ ತೆಗೆದರು.

"ಏನ್ ಮೇಡಂ, ನಾವೇನು ಶಿಶುವಿಹಾರ ನಡೆಸ್ತಿದೀವಾ? ನಮ್ಮನ್ನೂ ಹುರಿದ್ರು. ನಾವು ಸತ್ತೋಗಿದೀವಾ?"

ಗ್ರಂಥಪಾಲಕಿ ವಾದಕ್ಕೆ ನಿಲ್ಲಲಿಲ್ಲ. ಹೋದ ವರ್ಷ ಮೊಟ್ಟೆಚೀಲದ ಬಗ್ಗೆ ಮಾತಾಡಿದ ಯುವ ಸಂಶೋಧಕಿ ಈ ಸಲ ಬರುವುದಿಲ್ಲವಂತೆ ಎಂದರು. ಮೇಷ್ಟ್ರಿಗೆ ಯಾರೆಂದು ಹೊಳೆಯಲಿಲ್ಲ.

"ತೊದಲೋ ಹುಡುಗಿ ಅಂದ್ರೆ ನಿಮಗೆ ನೆನಪಾಗುತ್ತೆ. ಮೂರು ವರ್ಷದ ಕೆಲಸ ನೆನಪಿಲ್ಲ, ತೊದಲು ನೆನಪಿದೆ. ನನಗೆ ಬೇಜಾರು ಅದೇ, ಸರ್," ಎಂದು ಗ್ರಂಥಪಾಲಕಿ ಸಂಘದ ವಾರ್ಷಿಕ ಸಂಚಿಕೆಯ ನಲವತ್ತೊಂದನೇ ಪುಟ ತೆರೆದು ಮೇಜಿನ ಮೇಲಿಟ್ಟರು.

ನಡೆದದ್ದು ಇಷ್ಟು. ನೆಲದ ಮೇಲೆ ಓಡಾಡುವ ಒಂದು ಜಾತಿಯ ಜೇಡ ತನ್ನ ಮೊಟ್ಟೆಗಳನ್ನು ನೂಲಿನ ಚೀಲದಲ್ಲಿ ಸುತ್ತಿ, ಹೋದಲ್ಲೆಲ್ಲ ಬೆನ್ನ ಹಿಂದೆ ಹೊತ್ತು ತಿರುಗುತ್ತದೆ. ಮರಿಗಳು ಬಲಿತ ಮೇಲೆ ಚೀಲ ಬಿಚ್ಚುವುದು ತಾಯಿಯೇ. ಬೇಗ ಬಿಚ್ಚಿದರೂ ಕಷ್ಟ, ತಡವಾದರೂ ಕಷ್ಟ. ಹೋದ ವರ್ಷ ಸಂಶೋಧಕಿ ವೇದಿಕೆಯ ಮೇಲೆ, "ಬಿಚ್ಚುವ ಹೊತ್ತು ಬಂತು ಅಂತ ಗೊತ್ತುಮಾಡೋದು..." ಎನ್ನುವಷ್ಟರಲ್ಲಿ ಮುಂದಿನ ಪದ ಗಂಟಲಲ್ಲಿ ಸಿಕ್ಕಿಕೊಂಡಿತು. ಐದು ಸೆಕೆಂಡೂ ಆಗಿರಲಿಲ್ಲ. ಅಧ್ಯಕ್ಷ ಪೀಠದಿಂದ ಮೇಷ್ಟ್ರು, "ತಾಯಿ. ಇನ್ಯಾರು? ಮುಂದಕ್ಕೆ ಹೋಗಮ್ಮ," ಎಂದರು. ಸಭೆ ಗೊಳ್ಳೆಂದಿತು. ಆಕೆ ಇನ್ನೊಮ್ಮೆ ಬಾಯಿ ತೆರೆದು, ಆಗದೆ, ಕೆಳಗಿಳಿದು ಹೋದರು. ಟಿಪ್ಪಣಿ ಬರೆಯುತ್ತಿದ್ದವರು ಮೇಷ್ಟ್ರ ಪದವನ್ನೇ ಆಕೆಯ ವಾಕ್ಯಕ್ಕೆ ಜೋಡಿಸಿದರು. ಅದು ಆಕೆಯ ಹೆಸರಿನಲ್ಲೇ ಅಚ್ಚಾಯಿತು.

"ಅವರು ಹೇಳೋಕೆ ಹೊರಟಿದ್ದು ಅದಕ್ಕೆ ಪೂರಾ ಉಲ್ಟಾ," ಎಂದರು ಗ್ರಂಥಪಾಲಕಿ. "ಈಗ ಸರಿಯಾದ ಪ್ರಬಂಧ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸಿದ್ರೆ, ಹೋದ ವರ್ಷ ನೀವೇ ಹೀಗಂದಿದ್ರಲ್ಲ ಅಂತ ವಾಪಸ್ ಕಳಿಸಿದಾರೆ. ಅವರ ಹುದ್ದೆ ಈ ತಿಂಗಳ ಕೊನೆಗೆ ಮುಗಿಯುತ್ತೆ. ಪ್ರಬಂಧ ಅಚ್ಚಾಗಿಲ್ಲ, ಹಾಗಾಗಿ ಮುಂದುವರಿಸಲ್ಲ ಅಂತ ಸಂಸ್ಥೆ ಹೇಳಿಬಿಟ್ಟಿದೆ."

ತಪ್ಪಾಗಿದ್ದರೆ ಆಕೆ ಒಂದು ಕಾಗದ ಬರೆಯಬಹುದಿತ್ತಲ್ಲ ಎಂದರು ಮೇಷ್ಟ್ರು. ಎರಡು ಬರೆದಿದ್ದರು. ಎರಡೂ ಅಧ್ಯಕ್ಷರ ಮೇಜಿಗೇ ಬಂದಿದ್ದವು. ಗ್ರಂಥಪಾಲಕಿ ಕಡತದಿಂದ ತೆಗೆದು ತೋರಿಸಿದರು. ಎರಡರ ಮೂಲೆಯಲ್ಲೂ ಮೇಷ್ಟ್ರ ಸಣ್ಣಕ್ಷರದಲ್ಲಿ 'ನೋಡಿದೆ' ಎಂದಿತ್ತು. ನೋಡಿದ ನೆನಪು ಮಾತ್ರ ಮೇಷ್ಟ್ರಿಗೆ ಇರಲಿಲ್ಲ.

ಮನೆಗೆ ಹೋದಾಗ ಮೇಷ್ಟ್ರ ಮುಖ ಗಂಟಿಕ್ಕಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದವರು, ಮುಖ ನೋಡಿಯೇ ಜ್ವರ ಹೇಳುವವರು. ಕೇಳಿಸಿಕೊಂಡರು. ತಾನು ಸಹಾಯ ಮಾಡಲು ಹೋದದ್ದು, ಪಾಪ ಒದ್ದಾಡುತ್ತಿದ್ದಳು, ಪದ ಎತ್ತಿಕೊಟ್ಟೆ ಎಂದು ಮೇಷ್ಟ್ರು ಎರಡೆರಡು ಸಲ ಹೇಳಿದರು.

ಹೆಂಡತಿ ತಮ್ಮ ವಾರ್ಡಿನ ಕಥೆ ಹೇಳಿದರು. ಪಾರ್ಶ್ವವಾಯು ಬಡಿದ ಅಜ್ಜ ಒಬ್ಬರಿದ್ದರಂತೆ. ಮೂರು ದಿನ ಏನೋ ಹೇಳಲು ಒದ್ದಾಡಿದರು. ನೀರು ಬೇಕಾ, ದಿಂಬು ಬೇಕಾ, ಮನೆಗೆ ಹೋಗಬೇಕಾ ಎಂದು ಎಲ್ಲರೂ ಪದ ಎತ್ತಿಕೊಡುವವರೇ. ಕೊನೆಗೆ ಈಕೆ ಸ್ಟೂಲು ಎಳೆದುಕೊಂಡು ಕೂತು ಸುಮ್ಮನೆ ಕಾದರು. ಹತ್ತು ನಿಮಿಷವಾದ ಮೇಲೆ ಮಾತು ಬಂತು.

"ಏನಂದ್ರು ಗೊತ್ತಾ, ರೀ? ಪಕ್ಕದ ಮಂಚದವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುತ್ತೆ, ನೋಡಿ ಅಂದ್ರು. ತಮಗೆ ಅಂತ ಏನೂ ಕೇಳಲಿಲ್ಲ. ನಾನು ಆವತ್ತಿಂದ ಯಾರ ಮಾತನ್ನೂ ಮುಗಿಸೋಕೆ ಹೋಗಿಲ್ಲ. ನಿಮ್ಮದನ್ನ ಬಿಟ್ಟು," ಎಂದು ಅವರು ಎದ್ದು ಹೋದರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಸಂಶೋಧಕಿಯ ಪ್ರಯೋಗಾಲಯಕ್ಕೆ ಹೋದರು. ಮೂರನೇ ಮಹಡಿಯ ತುದಿಯಲ್ಲಿ ಸಣ್ಣ ಕೋಣೆ. ಪುಸ್ತಕಗಳು ಆಗಲೇ ರಟ್ಟಿನ ಪೆಟ್ಟಿಗೆ ಸೇರಿದ್ದವು. ಕಿಟಕಿಯ ಪಕ್ಕದ ಮೇಜಿನ ಮೇಲೆ ಗಾಜಿನ ಡಬ್ಬಿಗಳು, ಒಂದೊಂದರಲ್ಲೂ ಚೀಲ ಹೊತ್ತ ಒಂದೊಂದು ತಾಯಿ. ಆಕೆ ಎದ್ದು ನಿಂತರು, ಕೂರಿ ಎನ್ನಲಿಲ್ಲ.

ಹೋದ ವರ್ಷ ಹೇಳಲು ಹೊರಟದ್ದು ಏನು ಎಂದು ಮೇಷ್ಟ್ರು ಕೇಳಿದರು. ಆಕೆ ಶುರುಮಾಡಿದರು, ಪದವೊಂದು ನಿಂತಿತು. ಹಾಳಾದ ಅಭ್ಯಾಸ, ಮೇಷ್ಟ್ರ ಬಾಯಿಂದ ಪಟ್ಟನೆ "ಹವಾಮಾನವಾ?" ಎಂದು ಹೊರಬಿದ್ದೇಬಿಟ್ಟಿತು. ಆಕೆ ಅವರನ್ನೇ ನೋಡಿದರು. ಮೇಷ್ಟ್ರ ಕಿವಿ ಬಿಸಿಯಾಯಿತು. ಆಮೇಲೆ ಆಕೆ ಮಾತು ಬಿಟ್ಟು, ಒಂದು ಡಬ್ಬಿಯ ತಳಕ್ಕೆ ಅಂಟಿಸಿದ್ದ ಅಕ್ಕಿಕಾಳಿನಷ್ಟು ಮೈಕಿನ ತಂತಿ ಜೋಡಿಸಿ, ಹೆಡ್‌ಫೋನನ್ನು ಅವರ ಕೈಗಿತ್ತು, ಸ್ಟೂಲು ತೋರಿಸಿದರು.

ಮೊದಲು ಏನೂ ಕೇಳಿಸಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಮೇಷ್ಟ್ರು ಎರಡು ಸಲ ಏಳಲು ನೋಡಿದರು, ಎರಡು ಸಲವೂ ಹೆಂಡತಿಯ ಸ್ಟೂಲು ನೆನಪಾಗಿ ಕೂತರು. ಆಮೇಲೆ ಕೇಳಿಸಿತು. ಟಿಕ್. ಸ್ವಲ್ಪ ಬಿಟ್ಟು ಮತ್ತೆ, ಟಿಕ್ ಟಿಕ್. ಚೀಲದ ಒಳಗಿನಿಂದ. ಓಡಾಡುತ್ತಿದ್ದ ತಾಯಿ ಗಕ್ಕನೆ ನಿಂತಿತು. ಬೆರಳಿನ ಉಗುರಿಗಿಂತ ದೊಡ್ಡದಲ್ಲದ ಆ ಜೀವ, ಎಂಟು ಕಾಲನ್ನೂ ನೆಲಕ್ಕೊತ್ತಿ, ಅಲುಗಾಡದೆ ಕೇಳಿಸಿಕೊಳ್ಳುತ್ತಿತ್ತು. ಒಳಗಿನ ತಟ್ಟು ಹೆಚ್ಚಾಯಿತು. ಒಂದಲ್ಲ, ಹತ್ತಲ್ಲ, ನೂರು ಮರಿಗಳು ಒಟ್ಟಿಗೆ ಬಾಗಿಲು ಬಡಿಯುತ್ತಿದ್ದವು. ಆಗ ತಾಯಿ ಚೀಲವನ್ನು ಮುಂದಕ್ಕೆಳೆದುಕೊಂಡು, ಹೊಲಿಗೆ ಬಿಚ್ಚುವವರ ಹಾಗೆ ಅಂಚಿನುದ್ದಕ್ಕೂ ನಿಧಾನವಾಗಿ ಬಿಡಿಸಿತು. ಮರಿಗಳು ಒಂದೊಂದಾಗಿ ಹೊರಬಂದು ತಾಯಿಯ ಬೆನ್ನು ಹತ್ತಿ ಕೂತವು.

ಮೇಷ್ಟ್ರಿಗೆ ಮೈ ಜುಮ್ಮೆಂದಿತು. ತಮ್ಮ ಜೀವಮಾನದಲ್ಲಿ ಇಂಥ ಚೀಲಗಳನ್ನು ಅವರೇ ಕತ್ತರಿಯಿಂದ ಕತ್ತರಿಸಿ ನೋಡಿದ್ದು ಸಾವಿರಾರು. ಒಂದಕ್ಕಾದರೂ ಕಿವಿ ಕೊಟ್ಟಿರಲಿಲ್ಲ. ಕಣ್ಣಲ್ಲಿ ನೀರಾಡಿತು, ಮುಚ್ಚಿಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಹೆಡ್‌ಫೋನ್ ತೆಗೆದು, ಆಕೆಯ ಕಡೆ ತಿರುಗಿ, ಈ ಸಲ ತುಟಿ ಬಿಗಿದು ಕಾದರು. ಎಷ್ಟು ಹೊತ್ತಾಯಿತೋ. ಆಕೆಯ ಮಾತು ಬಂತು.

"ಹೊತ್ತು ಗೊತ್ತುಮಾಡೋದು ಮರಿಗಳು, ಸರ್. ತಾಯಿ ಬರೀ ಕೇಳಿಸ್ಕೊಳ್ಳುತ್ತೆ."

ಮೇಷ್ಟ್ರು ಕ್ಷಮೆ ಕೇಳಿದರು. ಸಭೆಗೆ ಬರಬೇಕು, ಇದನ್ನು ಎಲ್ಲರಿಗೂ ಕೇಳಿಸಬೇಕು ಎಂದರು. ಆಕೆ ಮೈಕಿನ ತಂತಿ ಬಿಚ್ಚಿ ಸುತ್ತಿಡುತ್ತಾ ಕೇಳಿದರು.

"ಈ ಸಲ ಅಧ್ಯಕ್ಷರು ಯಾರು?"

"ನಾನೇ," ಎಂದರು ಮೇಷ್ಟ್ರು.

ಆಕೆ ತಿರುಗಿ ಒಂದು ರಟ್ಟಿನ ಪೆಟ್ಟಿಗೆಯ ಬಾಯಿ ಮುಚ್ಚಿದರು. ಮೇಷ್ಟ್ರಿಗೆ ಉತ್ತರ ಅರ್ಥವಾಯಿತು. ಬಾಗಿಲ ತನಕ ಬಂದ ಮೇಲೆ ಆಕೆಯೇ ಹಿಂದಿನಿಂದ, ಒಂದೊಂದು ಪದಕ್ಕೂ ಅದರ ಹೊತ್ತು ಕೊಟ್ಟು, ಹೇಳಿದರು: "ನನಗೆ ಕನಿಕರ ಬೇಡ, ಸರ್. ಸಮಯ ಬೇಕು. ಅದು ನನಗೊಬ್ಬಳಿಗೇ ಅಲ್ಲ, ಎಲ್ಲರಿಗೂ ಸಿಗಬೇಕು. ನಿಯಮ ಅಂತ ಇರಬೇಕು. ಒಬ್ಬರ ಒಳ್ಳೇತನ ನಂಬ್ಕೊಂಡು ನಾನು ವೇದಿಕೆ ಹತ್ತಲ್ಲ."

ಮೇಷ್ಟ್ರು ಅಲ್ಲಿಂದ ನೇರ ಗ್ರಂಥಾಲಯಕ್ಕೆ ನಡೆದರು. ಕರಡಿನ ಹಾಳೆ ಕೇಳಿ ಪಡೆದು, ನಿಂತಲ್ಲೇ ಎರಡು ಸಾಲು ಸೇರಿಸಿದರು. ಮಾತು ಶುರುಮಾಡಿದವರೇ ಅದನ್ನು ಮುಗಿಸಬೇಕು ಎಂದು ಒಂದು. ಆಡಿದವರಿಗೆ ತೋರಿಸಿ ಒಪ್ಪಿಗೆ ಪಡೆಯದೆ ಯಾರ ಮಾತನ್ನೂ ಅಚ್ಚು ಹಾಕಬಾರದು ಎಂದು ಇನ್ನೊಂದು. ಅದೇ ದಿನ ಸಂಸ್ಥೆಗೂ ಪತ್ರಿಕೆಗೂ ಒಂದೊಂದು ಕಾಗದ ಬರೆದು, ತಪ್ಪು ಪದ ತಮ್ಮದು, ಆಕೆಯದಲ್ಲ ಎಂದು ರುಜು ಹಾಕಿದರು.

ಸಭೆಯ ದಿನ ಕರಡು ಎಲ್ಲರ ಕೈಗೂ ಬಂತು. ಗುಸುಗುಸು ಶುರುವಾಯಿತು. ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು, ನಮ್ಮನ್ನೂ ಹುರಿದಿದ್ದರು, ನಾವೇನು ಸತ್ತೆವಾ ಎಂದರು. ಮೇಷ್ಟ್ರಿಗೆ ತಮ್ಮದೇ ಧ್ವನಿ ಕೇಳಿದಂತಾಯಿತು. ಅವರ ಮಾತು ಪೂರ್ತಿ ಮುಗಿಯುವ ತನಕ ಕಾದು, ಎದ್ದು ನಿಂತರು.

"ಸಂಚಿಕೆಯ ನಲವತ್ತೊಂದನೇ ಪುಟದಲ್ಲಿ ಒಂದು ಸುಳ್ಳಿದೆ. ಅದು ನನ್ನದು. ಇನ್ನೊಬ್ಬರ ಮಾತನ್ನ ನಾನು ಮುಗಿಸಿದೆ, ತಪ್ಪಾಗಿ ಮುಗಿಸಿದೆ. ನೀವೆಲ್ಲ ನಕ್ಕಿರಿ. ಅವರು ಎರಡು ಕಾಗದ ಬರೆದ್ರು, ನಾನೇ ಒತ್ತಿಟ್ಟೆ. ಹುರಿದ್ರೆ ವಿಜ್ಞಾನ ಗಟ್ಟಿಯಾಗುತ್ತೆ ಅಂತಿದ್ದೆ. ಒಂದು ವರ್ಷ ಪೂರ್ತಿ ನಮ್ಮ ಸಂಘ ತಪ್ಪು ವಿಜ್ಞಾನ ಓದಿದೆ."

ನಿಯಮಕ್ಕೆ ಒಪ್ಪಿಗೆಯಿದ್ದವರು ಕೈ ಎತ್ತಲಿ ಎಂದರು. ಕೈಗಳು ಒಂದೊಂದಾಗಿ ಮೇಲೆ ಬಂದವು. ಕೆಲವರ ಕೈ ತೊಡೆಯ ಮೇಲೇ ಉಳಿಯಿತು, ಸುಳ್ಳೇಕೆ ಹೇಳಬೇಕು. ಆದರೂ ನಿಯಮ ಪಾಸಾಯಿತು. ದೂರು ಕೇಳಲು ಅಧ್ಯಕ್ಷರ ಶಿಷ್ಯರಲ್ಲದ ಇಬ್ಬರನ್ನು ಆರಿಸಿದರು. ಅಲ್ಲಿಯ ತನಕ ಬಾಗಿಲ ಬಳಿ ನಿಂತು ನೋಡುತ್ತಿದ್ದ ಸಂಶೋಧಕಿ ಆಮೇಲೆ ಒಳಗೆ ಬಂದರು.

"ನೀವು ಹೇಳಿ," ಎಂದರು ಮೇಷ್ಟ್ರು, ಇಷ್ಟೇ.

ಆಕೆ ಹೇಳುತ್ತಾ ಹೋಗಿ ಅದೇ ವಾಕ್ಯಕ್ಕೆ ಬಂದರು. ಅದೇ ಜಾಗದಲ್ಲಿ ಪದ ನಿಂತಿತು. ಐದು ಸೆಕೆಂಡ್. ಹತ್ತು. ಇಪ್ಪತ್ತು. ಮೇಷ್ಟ್ರ ನಾಲಗೆಯ ತುದಿಗೆ ಪದ ಬಂದು ಕೂತಿತ್ತು, ಈ ಸಲ ಸರಿಯಾದ ಪದವೇ. ಸಭೆಯಲ್ಲಿ ಇನ್ನೂ ಎಷ್ಟು ಮಂದಿಗೆ ಹಾಗಾಗಿತ್ತೋ. ಯಾರೂ ಕೆಮ್ಮಲಿಲ್ಲ, ಗಡಿಯಾರ ನೋಡಲಿಲ್ಲ. ಇನ್ನೂರು ಮಂದಿ ಒಬ್ಬರ ಒಂದು ಪದಕ್ಕಾಗಿ ಉಸಿರು ಹಿಡಿದು ಕೂತದ್ದನ್ನು ಮೇಷ್ಟ್ರು ನಲವತ್ತು ವರ್ಷದಲ್ಲಿ ಕಂಡಿರಲಿಲ್ಲ.

"ಮರಿಗಳು," ಎಂದರು ಆಕೆ.

ಆಮೇಲೆ ಸ್ಪೀಕರಿನಲ್ಲಿ ಆ ತಟ್ಟು ಕೇಳಿಸಿದರು. ಆಡಿಕೊಂಡು ನಗುತ್ತಿದ್ದವರೇ ಬಾಯಿ ಬಿಟ್ಟುಕೊಂಡು ಕೇಳಿದರು. ಕೈ ಎತ್ತದೆ ಕೂತಿದ್ದ ಹಿಂದಿನ ಸಾಲಿನ ಹಿರಿಯರು ಇನ್ನೊಂದು ಸಲ ಹಾಕಿ ಎಂದು ಕೇಳಿಕೊಂಡರು. ಪ್ರಶ್ನೆಗಳೂ ಬಂದವು, ಖಾರವಾಗಿಯೇ ಬಂದವು, ಮೈಕು ಸರಿಯಿತ್ತೇ, ಎಷ್ಟು ಚೀಲ ನೋಡಿದಿರಿ ಎಂದು. ಆಕೆ ಒಂದೊಂದಕ್ಕೂ ಉತ್ತರ ಕೊಟ್ಟರು. ತಿಂಗಳ ಕೊನೆಗೆ ಹುದ್ದೆ ಮುಂದುವರಿಯಿತು, ರಟ್ಟಿನ ಪೆಟ್ಟಿಗೆಯಿಂದ ಪುಸ್ತಕಗಳು ಹೊರಬಂದವು.

ಓದಿದವರೇ, ನೀವೂ ಯಾವುದೋ ತರಗತಿಯಲ್ಲಿ, ವಿಚಾರಗೋಷ್ಠಿಯಲ್ಲಿ, ಪ್ರಯೋಗಾಲಯದಲ್ಲಿ ನಾಲ್ಕು ಜನರ ಜೊತೆ ಕೂರುವವರೇ. ನಿಮ್ಮಲ್ಲಿ ಇಂಥ ನಿಯಮದ ಹಾಳೆ ಇದೆಯೇ ಎಂದು ನಾಳೆಯೇ ಕೇಳಿ. ಇಲ್ಲದಿದ್ದರೆ ಬರೆಯಿರಿ, ಒಂದು ಪುಟ ಸಾಕು. ಇದ್ದರೆ, ಪೀಠದಲ್ಲಿ ಕೂತವರಿಗೂ ಅದು ಅನ್ವಯಿಸುತ್ತದೆಯೇ ನೋಡಿ. ದೂರು ಬಂದರೆ ತೆರೆದು ಓದಿ. ಕೆಲಸದಲ್ಲಿ ತಪ್ಪು ಕಂಡರೆ ಧಾರಾಳವಾಗಿ ಹೇಳಿ, ಆಳನ್ನು ಆಡಿಕೊಳ್ಳಬೇಡಿ. ಮತ್ತೆ, ಒಬ್ಬರ ಮಾತು ಅರ್ಧಕ್ಕೆ ನಿಂತಾಗ ದಯವಿಟ್ಟು ಕಾಯಿರಿ. ಅವರಿಗೆ ಗೊತ್ತಿರುವುದು ನಿಮಗಿನ್ನೂ ಗೊತ್ತಿಲ್ಲ.