ಈಜು ಕಲಿಯಲು ಎಷ್ಟು ಅಂಕ

ನಾನು ಕನ್ನಡಕದ ಅಂಗಡಿಯವನು. ಭಾನುವಾರ ಮಧ್ಯಾಹ್ನ ಶಟರ್ ಅರ್ಧ ಎಳೆದು, ಕಣ್ಣು ಪರೀಕ್ಷೆಯ ಕೋಣೆಯಲ್ಲಿ ಆಟ ಆಡಿಸುತ್ತೇನೆ. ಕಾಗದ, ಪೆನ್ಸಿಲ್, ದಾಳ, ಬಾಯಿಮಾತು, ಇಷ್ಟೇ ಆಟ. ಕಥೆ ನಾನು ಹೇಳಬೇಕು, ಅದರೊಳಗೆ ತಮ್ಮ ಪಾತ್ರ ಏನು ಮಾಡುತ್ತದೆಂದು ಆಡುವವರು ಹೇಳಬೇಕು. ಪ್ರತಿ ವಾರ ಅವರಿಗೆ ಅನುಭವದ ಅಂಕ ಸಿಗುತ್ತದೆ. ಅದನ್ನು ಖರ್ಚು ಮಾಡಿ ಬೀಗ ಮುರಿಯುವುದೋ, ಗಾಯಕ್ಕೆ ಮದ್ದು ಕಟ್ಟುವುದೋ, ಹೀಗೆ ಹೊಸದೊಂದು ವಿದ್ಯೆ ಕಲಿಯಬಹುದು. ಯಾವ ವಿದ್ಯೆಗೆ ಎಷ್ಟು ಅಂಕ ಎಂಬುದು ನನ್ನ ಕೈಯಲ್ಲಿ. ಅಗ್ಗ ಮಾಡಿದರೆ ಮೂರೇ ವಾರಕ್ಕೆ ಎಲ್ಲರೂ ಸಕಲಕಲಾವಲ್ಲಭರಾಗಿ ಆಟ ಸಪ್ಪೆಯಾಗುತ್ತದೆ. ತುಟ್ಟಿ ಮಾಡಿದರೆ ಮುಖ ಊದಿಸಿಕೊಂಡು ಎದ್ದು ಹೋಗುತ್ತಾರೆ. ಈ ಹದ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲವೆಂದು ಬೀಗುತ್ತಿದ್ದೆ.

ಮೊದಲು ನಾಲ್ವರಿದ್ದರು. ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ಬೆನ್ನುನೋವು. ಮೂರನೆಯವನ ಜೊತೆ ನಾನೇ ಜಗಳ ತೆಗೆದೆ. ತಪ್ಪು ನನ್ನದೇ, ಆದರೂ ಫೋನ್ ಮಾಡಲಿಲ್ಲ. ಉಳಿದವನು ಲಿಫ್ಟ್ ರಿಪೇರಿಯವನು. ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಈ ಮಕ್ಕಳಾಟ ಬಿಟ್ಟು ಮದುವೆಯಾಗು ಎಂದು ಅಕ್ಕ ಫೋನಿನಲ್ಲಿ ತಲೆ ತಿನ್ನುತ್ತಾಳೆ. ಐವತ್ತೆರಡಕ್ಕೆ ನನಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಗಿಸಿ ಫೋನ್ ಇಡುತ್ತೇನೆ. ವಾರವಿಡೀ ನನ್ನ ಹತ್ತಿರ ಬರುವವರೆಲ್ಲ ಕಣ್ಣಿಗಾಗಿ ಬರುತ್ತಾರೆ. ನನಗಾಗಿ ಬರುತ್ತಿದ್ದವನು ಅವನೊಬ್ಬನೇ.

ಅವನ ಪಾತ್ರ ಯುದ್ಧ ಮುಗಿಸಿ ಮನೆಗೆ ಹೊರಟ ಸಿಪಾಯಿ. ಮನೆ ಇರುವುದು ಹೊಳೆಯ ಆಚೆ ದಡದಲ್ಲಿ. ಅಲ್ಲಿಗೆ ಮುಟ್ಟಿದರೆ ಆಟ ಮುಗಿಯಿತು. ದೋಣಿ ಇಲ್ಲ, ಈಜು ಕಲಿಯಬೇಕು. ಅದಕ್ಕೆ ಹತ್ತು ಅಂಕ ಎಂದಿದ್ದೆ. ಅವನ ಬಳಿ ಎಂಟಾದಾಗ ನಾನು ಲೆಕ್ಕ ಹಾಕಿದೆ. ಮುಂದಿನ ವಾರ ದಾಟಿಬಿಟ್ಟರೆ ಆಮೇಲೆ ಇವನು ಯಾಕೆ ಬರುತ್ತಾನೆ? ಹೊಳೆಗೆ ಪ್ರವಾಹ ಬಂದಿದೆ, ಈಜಿಗೆ ಇನ್ನು ಹದಿನೈದು ಎಂದೆ. ಅವನು ತಲೆಯಾಡಿಸಿ ಬರೆದುಕೊಂಡ. ಹದಿಮೂರಾದಾಗ ಸುಳಿ ಹುಟ್ಟಿತು, ಇಪ್ಪತ್ತೆರಡಕ್ಕೆ ಏರಿಸಿದೆ. ಇಪ್ಪತ್ತಾದಾಗ ಮೊಸಳೆ. ಹೀಗೆ ಒಂಬತ್ತು ಭಾನುವಾರ ಸಿಪಾಯಿ ಈಚೆ ದಡದಲ್ಲೇ ಕೂತ. ಪುಣ್ಯಾತ್ಮ ಒಂದು ಮಾತೂ ಆಡಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಹತ್ತನೆಯ ಭಾನುವಾರ ಅವನು ಬಾಗಿಲಲ್ಲೇ ನಿಂತು, ಕಂಪನಿಯವರು ಬೇರೆ ಊರಿಗೆ ಹಾಕಿದ್ದಾರೆ, ಬುಧವಾರ ಸಾಮಾನು ಸಾಗಿಸಬೇಕು ಎಂದ. ಆಮೇಲೆ ಬಂದು ಕೂತು ಕಾಗದ ಬಿಡಿಸಿದ.

"ಈಜಿಗೆ ಇವತ್ತು ಎಷ್ಟಣ್ಣ?"

ಜಲಪಾತವೊಂದನ್ನು ಹೊಂದಿಸಿಟ್ಟುಕೊಂಡಿದ್ದೆ. ಅದನ್ನು ಹೇಳದೆ ಬಿಟ್ಟೆ. "ಹತ್ತು. ಯಾವತ್ತೂ ಹತ್ತೇ ಇತ್ತು. ದಾಟಿಬಿಟ್ರೆ ನೀನು ಬರಲ್ಲ ಅಂತ ಏರಿಸ್ತಾ ಹೋದೆ."

"ಗೊತ್ತಾಗಿತ್ತು," ಎಂದ, ತಲೆ ಎತ್ತದೆ. "ದಾಟಿದ್ರೂ ಬರ್ತಿದ್ದೆ. ಬಾ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು."

ನಾಚಿಕೆಯಿಂದ ನನಗೆ ಅವನ ಮುಖ ನೋಡಲಾಗಲಿಲ್ಲ. ಅವನು ಹತ್ತು ಅಂಕ ಹೊಡೆದುಹಾಕಿ ದಾಳ ಎಸೆದ. ಆರು ಬಿತ್ತು. ಸಿಪಾಯಿ ದಾಟಿದ.

"ಮನೇಲಿ ಯಾರಿದ್ದಾರೆ?" ಎಂದು ಕೇಳಿದ.

ನಾನು ನೋಟ್‌ಬುಕ್ ತಿರುವಿದೆ. ಪ್ರವಾಹ, ಸುಳಿ, ಮೊಸಳೆ, ಜಲಪಾತ ಎಲ್ಲ ಇತ್ತು. ಆ ಮನೆಯೊಳಗೆ ನಾನು ಯಾರನ್ನೂ ಬರೆದಿರಲಿಲ್ಲ.