ತೊಳೆದರೂ ಹೋಗದ ಕರಿ

ಗಜೇಂದ್ರಗಡದಲ್ಲಿ ಮಳೆ ಹಿಡಿದು ಕೂತರೆ ನೇಕಾರರ ಮಗ್ಗದ ಕೆಳಗಿನ ಕುಣಿಯಲ್ಲಿ ನೀರು ಒಸರುತ್ತದೆ, ಬಣ್ಣಗಾರರ ನೂಲು ಒಣಗುವುದಿಲ್ಲ, ಅರ್ಧ ಊರಿಗೆ ತಾನಾಗಿಯೇ ಸೂಟಿ. ಸೂಟಿ ಸಿಕ್ಕವರು ಮನೆಯಲ್ಲಿ ಬೆಚ್ಚಗೆ ಕೂತು ಮಿರ್ಚಿ ತಿನ್ನಬೇಕು, ಅದು ಲೋಕರೂಢಿ. ಆದರೆ ಎರಡು ಸಾವಿರದ ಆರನೇ ಇಸವಿಯ ಶ್ರಾವಣದಲ್ಲಿ, ಪಂಚಮಿ ಮುಗಿದ ಮರುದಿನ, ಬಣ್ಣಗಾರ ಮುಜಫ್ಫರ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು, ಬಗಲಲ್ಲಿ ಬಿಳಿ ಅರಿವೆಯ ಗಂಟು ಇಟ್ಟುಕೊಂಡು ಗುಡ್ಡದ ಕಡೆ ಹೊರಟಿದ್ದ. ಅವನ ಹಿಂದೆ ಇಬ್ಬರು. ಒಬ್ಬ ಫಕೀರೇಶ, ಗೋವಾದಲ್ಲಿ ಗೌಂಡಿ ಕೆಲಸದವನು. ಅಲ್ಲಿ ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಲ್ಲುವುದರಿಂದ ಊರಿಗೆ ಬಂದಿದ್ದ. ಇನ್ನೊಬ್ಬಳು ಯಶೋಧರಾ, ಸವಡಿಯ ಅಂಗನವಾಡಿ ಟೀಚರು, ಹಬ್ಬಕ್ಕೆಂದು ತವರಿಗೆ ಬಂದವಳು. ಮೂವರೂ ಒಂದೇ ವರ್ಗದಲ್ಲಿ ಕೂತು ಒಂದೇ ಮಾಸ್ತರರ ಕೈಲಿ ಕಿವಿ ಹಿಂಡಿಸಿಕೊಂಡವರು.

ಓಣಿ ದಾಟುವಾಗ ಕಟ್ಟೆಯ ಮೇಲಿನ ಮುದುಕಿಯೊಬ್ಬಳು ಕೇಳಿಯೇಬಿಟ್ಟಳು: "ಗಂಡಸರ ಜೋಡಿ ಮಳ್ಯಾಗ ಎಲ್ಲಿಗವ್ವ ಸವಾರಿ?"

"ಇವರೆಲ್ಲಿ ಗಂಡಸರಬೇ? ನಮ್ಮ ಕ್ಲಾಸಿನವರು," ಎಂದಳು ಯಶೋಧರಾ.

ಮುದುಕಿ ಗದ್ದಕ್ಕೆ ಕೈಹಚ್ಚಿ, ಅವರು ಓಣಿ ತಿರುಗುವ ತನಕ ನೋಡಿದಳು.

ಇವರು ಹೊರಟದ್ದು ಒಂದು ಬಣ್ಣ ಹುಡುಕಲು. ನಗಬೇಡಿ, ಪೂರ್ತಿ ಕೇಳಿ. ಸಣ್ಣವರಿದ್ದಾಗ ಒಂದು ಆಗಸ್ಟ್ ಹದಿನೈದಕ್ಕೆ, ಝಂಡಾ ಏರಿಸಿ ಪೆಪ್ಪರಮಿಂಟು ಇಸಿದುಕೊಂಡು, ಮೂವರೂ ಮನೆಗೆ ಹೋಗದೆ ಗುಡ್ಡ ಹತ್ತಿದ್ದರು. ಮಳೆ ಜೋರಾಯಿತು. ಒಂದು ಬಂಡೆಯ ಬಿರುಕಿನಿಂದ ಕೆಂಪು ನೀರು ಸುರಿಯುತ್ತಿತ್ತು, ಅದರ ಕೆಳಗೆ ನಿಂತು ಮನಸಾರೆ ತೊಯ್ದರು. ಈಚೆ ಬಂದು ನೋಡಿದರೆ ಫಕೀರೇಶನ ಅಂಗಿ, ಯಶೋಧರಾಳ ಜಂಪರು ಬರೀ ಕೆಂಪು ರಾಡಿ. ಮುಜಫ್ಫರನ ಅಂಗಿ ಮಾತ್ರ ಕಾಗೆಯಷ್ಟು ಕರ್ರಗೆ! ಅವತ್ತೇ ಮೊದಲು ತೊಟ್ಟ ಬಿಳಿ ಅಂಗಿ ಅದು. ಅವರಿಬ್ಬರ ಬಟ್ಟೆ ಸೋಡಾ ಹಾಕಿ ತಿಕ್ಕಿದರೆ ಬೆಳ್ಳಗಾದವು. ಇವನದು ಕುದಿಸಿದರೂ ಕರಿ, ಕಲ್ಲಿಗೆ ಬಡಿದರೂ ಕರಿ.

ಊರಿನ ಬಾಯಿಗೆ ಬೀಗ ಹಾಕುವವರು ಯಾರು? "ಗುಡ್ಡದ ಗಾಳಿ ಹುಡುಗನ್ನ ಮುಟ್ಟೇತಿ" ಎಂದರು. ಅದೇ ವರ್ಷ ಗಂಡ ಮಲಿಕಸಾಬನನ್ನು ಮಣ್ಣು ಮಾಡಿದ್ದ ತಾಯಿ ಹಸನಬಿ ನಡುಗಿಹೋದಳು. ಮಗನಿಗೆ ತಾಯಿತ ಕಟ್ಟಿಸಿ, ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡಳು, ಗುಡ್ಡಕ್ಕೆ ಕಾಲಿಡಬಾರದು ಎಂದು. ಅಂಗಿ ಒಲೆಯ ಹತ್ತಿರ ಬಿಸಿ ಪಾತ್ರೆ ಇಳಿಸುವ ಮಸಿಅರಿವೆಯಾಯಿತು. ಇಪ್ಪತ್ತು ವರ್ಷ ಒಗೆಸಿಕೊಂಡು ಒಗೆಸಿಕೊಂಡು ಅದು ಜಾಳುಜಾಳಾಯಿತೇ ಹೊರತು ಕರಿ ಒಂದು ಎಳೆಯಷ್ಟೂ ಮಾಸಲಿಲ್ಲ.

ಮಾಸಲೊಲ್ಲದ ಈ ಕರಿಯೇ ಈಗ ಮುಜಫ್ಫರನ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಅವನ ಅಪ್ಪ ಹಾಕಿದ ಬಣ್ಣ ಸೀರೆ ಹರಿದರೂ ಹೋಗುತ್ತಿರಲಿಲ್ಲವಂತೆ. ಆದರೆ ಅಪ್ಪ ಒಂದು ಸಂಜೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಗನಿಗೆ ಒಂದು ಬಣ್ಣವನ್ನೂ ಕಲಿಸಿರಲಿಲ್ಲ. ಮಗ ಅಂಗಡಿಯ ಪುಡಿ ತಂದು, ಕೈ ಸುಟ್ಟುಕೊಂಡು ತಾನೇ ಕಲಿತ. ಕೆಂಪು ನಿಂತಿತು, ಹಸಿರು ನಿಂತಿತು, ಕರಿ ಮಾತ್ರ ನಿಲ್ಲಲಿಲ್ಲ. ಹೋದ ತಿಂಗಳು ರಾಜೂರಿನ ಮದುಮಗಳೊಬ್ಬಳ ಸೀರೆಯ ಕರಿ ದಡಿ ಮಳೆಗೆ ಬಣ್ಣ ಬಿಟ್ಟು ಸೀರೆಯ ಒಡಲಿಗೆಲ್ಲ ಮಸಿ ಮೆತ್ತಿತು. ಅದನ್ನು ನೇಯ್ದ ಹನುಮಪ್ಪ, ಇವನು ಬಣ್ಣ ಹಾಕಿಕೊಟ್ಟ ನೂಲಿನ ಲಡಿಗಳನ್ನು ಬಾಗಿಲಿಗೆ ತಂದು ಎಸೆದ. "ಕರಿ ನಿಂದರಿಸಿ ತೋರಸು, ಇಲ್ಲಾಂದ್ರ ನಮ್ಮ ಓಣಿ ಕಡೆ ಬರಬ್ಯಾಡ," ಎಂದ. ಅವನ ಹಿಂದೆ ಉಳಿದವರೂ ಸಾಲು ಹಿಡಿದರು.

ಫಕೀರೇಶ ತನ್ನ ಮೇಸ್ತ್ರಿಗೆ ಆಗಲೇ ಹೇಳಿಟ್ಟಿದ್ದ, ಮಳೆ ಮುಗಿದ ಮೇಲೆ ಒಬ್ಬ ಆಳು ಹೆಚ್ಚು ಬರುತ್ತಾನೆ ಎಂದು. ಮುಜಫ್ಫರನೂ ಹೂಂ ಅಂದಿದ್ದ. ಗುಡ್ಡದಲ್ಲಿ ಆ ಕರಿ ಸಿಕ್ಕರೆ ಸರಿ, ಇಲ್ಲದಿದ್ದರೆ ಅಪ್ಪ ಬಣ್ಣ ಕುದಿಸುತ್ತಿದ್ದ ತಾಮ್ರದ ಹಂಡೆ ಬೋರಲು ಹಾಕಿ ಸಿಮೆಂಟಿನ ಬುಟ್ಟಿ ಹೊರುವುದು. ಇವತ್ತು ಆಣೆ ಮುರಿದು, ರೋಣಕ್ಕೆ ಹೋಗುತ್ತೇನೆಂದು ತಾಯಿಗೆ ಸುಳ್ಳು ಹೇಳಿ ಬಂದಿದ್ದ.

ಗುಡ್ಡದ ದಾರಿ ರಾಡಿಯಾಗಿತ್ತು. ಕಾರಿಕಂಟಿ, ತುಗ್ಗಲಿ, ಬಂದರಿಕಿ ಗಿಡಗಳೆಲ್ಲ ತೊಯ್ದು ಜೋತುಬಿದ್ದಿದ್ದವು. ಬ್ಯಾಸಿಗೆಯಲ್ಲಿ ಒಣಕಡ್ಡಿಯಂತಿರುವ ಕಾಡು ಇದೇನಾ ಅನ್ನುವಷ್ಟು ಹಸಿರು. ಎಲ್ಲಿತ್ತು ಆ ಬಂಡೆ ಎನ್ನುವುದೇ ದೊಡ್ಡ ಜಗಳವಾಯಿತು.

"ಬಸರಿ ಗಿಡದ ಎಡಕ್ಕ," ಎಂದ ಫಕೀರೇಶ.

"ಬಸರಿ ಗಿಡಾ ಎಲ್ಲಿತ್ತೋ ಹುಚ್ಚಪ್ಯಾಲಿ? ಎಮ್ಮಿ ಮಲಗಿದಂಗ ಒಂದು ಕಲ್ಲಿತ್ತು, ಅದರ ಕೆಳಗ," ಎಂದಳು ಯಶೋಧರಾ. ಅವಳ ದನಿ ಒಡೆದುಹೋಗಿತ್ತು. ದಿನವಿಡೀ ಮಕ್ಕಳ ಮುಂದೆ ಒದರುವವಳು, ಗಂಟಲಿಗೆಂದು ಅಳಲೆಕಾಯಿಯ ಚೂರು ಬಾಯಿಗಿಟ್ಟು ಚೀಪುವಳು, ಮಾತು ಬಂದಾಗ ತೆಗೆದು ಸೆರಗಿನ ತುದಿಗೆ ಗಂಟು ಹಾಕುವಳು. ಮಾತು ಅವಳಿಗೆ ಯಾವಾಗಲೂ ಬರುತ್ತಿತ್ತು.

"ನಿನಗೇನು ನೆನಪೈತಲೇ?" ಎಂದು ಫಕೀರೇಶ ಮುಜಫ್ಫರನನ್ನು ಕೇಳಿದ.

"ನಾ ಅಳಾಕ ಹತ್ತಿದ್ನಿ. ಏನೂ ಕಂಡಿಲ್ಲ."

ಎಡಕ್ಕೆ ಹೋದರು, ಬಲಕ್ಕೆ ಬಂದರು, ಒಂದು ಕಡೆ ಫಕೀರೇಶ ಜಾರಿ ಕೂತು ಗೋವಾದ ಪ್ಯಾಂಟಿನ ಹಿಂಭಾಗಕ್ಕೆ ಗಜೇಂದ್ರಗಡದ ಮುದ್ರೆ ಒತ್ತಿಸಿಕೊಂಡ. ಮೂವರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ತಲೆ ಎತ್ತಿದ ಮುಜಫ್ಫರನಿಗೆ ಮೇಲೆ ಕಂಡಿತು: ಎಮ್ಮೆ ಮಲಗಿದಂಥ ಕಲ್ಲು, ಅದರ ಎಡಕ್ಕೆ ಒಂದು ಬಸರಿ ಗಿಡ. ಇಬ್ಬರೂ ಹೇಳಿದ್ದು ಖರೆಯೇ ಆಗಿತ್ತು.

ಬಿರುಕಿನಿಂದ ನೀರು ಸುರಿಯುತ್ತಿತ್ತು. ಕೆಳಗಿನ ಕಲ್ಲುಗಳಿಗೆ ತುಕ್ಕಿನಂಥ ಕೆನೆ ಕಟ್ಟಿತ್ತು. ಫಕೀರೇಶ ಬೊಗಸೆಯಲ್ಲಿ ಹಿಡಿದು ಮೂಸಿ, ಒಂದು ಹನಿ ನಾಲಿಗೆಗಿಟ್ಟು ಉಗುಳಿದ.

"ಕಬ್ಬಿಣದ ನೀರಿದು. ಬುನಾದಿ ತಗ್ಗಿನ್ಯಾಗ ಸರಳು ನೆಂದ್ರ ಹಿಂಗ ವಾಸನಿ ಬರ್ತೈತಿ."

ಮುಜಫ್ಫರನಿಗೆ ಅದೆಲ್ಲ ಕೇಳಿಸಲಿಲ್ಲ. ಗಂಟು ಬಿಚ್ಚಿದ. ಬಿಸ್ಮಿಲ್ಲಾ ಎಂದು ಬಿಳಿ ಅರಿವೆಯನ್ನು ನೀರಿಗೆ ಹಿಡಿದ. ಹಿಂಡಿದ, ಮತ್ತೆ ಹಿಡಿದ. ಅರಿವೆ ಕೆಂಪಾಯಿತು. ಕಾದರು. ಕೆಂಪಾಗಿಯೇ ಉಳಿಯಿತು. ಪಕ್ಕದ ಹರಿಯುವ ಮಳೆನೀರಿನಲ್ಲಿ ಜಾಲಿಸಿದರೆ ಕೆಂಪೂ ಹೋಗಿ, ಸೋತ ಮುಖದಂತೆ ಬೆಳ್ಳಗೆ ಕೈಯಲ್ಲಿ ಜೋತುಬಿತ್ತು.

ಇನ್ನೊಂದು ಅರಿವೆ ಹಿಡಿದ. ಅದೂ ಅಷ್ಟೇ. ಮೂರನೆಯದನ್ನು ನೀರಿನ ಕೆಳಗೇ ಬಿಟ್ಟು, ತಲೆಯ ಮೇಲೆ ಕೈಹೊತ್ತು ಕೂತ.

"ಹೋಗಲಿ ಬಿಡೋ," ಎಂದ ಫಕೀರೇಶ ಮೆಲ್ಲಗೆ. "ಗೋವಾದಾಗ ನಾ ಇರ್ತೀನಲ್ಲ. ಒಂದ ಖೋಲಿ, ಒಂದ ಒಲಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೂ ಆ ಮಾತಿಗೆ ಮುಜಫ್ಫರನ ಕಣ್ಣ ಮುಂದೆ ಬೋರಲು ಬಿದ್ದ ಹಂಡೆ ಬಂತು. ತನ್ನ ಮೇಲೆಯೇ ಸಿಟ್ಟು ಬಂತು, ಗುಡ್ಡದ ಮೇಲೆ ಬಂತು, ಏನೂ ಕಲಿಸದೆ ಹೊರಟುಹೋದ ಅಪ್ಪನ ಮೇಲಂತೂ ಸತ್ತವನೆಂದೂ ನೋಡದೆ ಬಂತು.

"ನಮ್ಮ ಅಬ್ಬಾ ಒಂದ ಒಂದು ಮಾತು ಹೇಳಿ ಹೋಗಿದ್ರ ಸಾಕಿತ್ತು," ಎಂದ. "ಒಂದ ಒಂದು!"

ಯಶೋಧರಾ ಅವನು ಬಿಟ್ಟ ಅರಿವೆಯನ್ನಾದರೂ ಎತ್ತೋಣವೆಂದು ನೀರಿನ ಹತ್ತಿರ ಬಗ್ಗಿದಳು. ಸೆರಗು ಜಾರಿ ಬಿರುಕಿನ ಕೆಳಗೆ ಬಿತ್ತು. ಎಳೆದುಕೊಂಡು ನೋಡಿದವಳೇ ಕಿರುಚಿದಳು.

"ಅಯ್ಯ ನನ ಶಿವನ! ನಮ್ಮವ್ವ ಉಡಿಸಿದ ಪಂಚಮಿ ಸೀರಿ!"

ತಿಳಿಹಳದಿ ಸೀರೆ. ಸೆರಗೆಲ್ಲ ಸ್ವಲ್ಪ ಕೆಂಪಾಗಿತ್ತು, ಅಷ್ಟೇ. ತುದಿಯ ಗಂಟು ಮಾತ್ರ ಕರ್ರಗಾಗಿತ್ತು. ನೋಡುತ್ತಿದ್ದಂತೆ ಇನ್ನೂ ಕರ್ರಗಾಗುತ್ತಿತ್ತು.

ಮೂವರ ತಲೆಗಳೂ ಆ ಗಂಟಿನ ಮೇಲೆ ಡಿಕ್ಕಿ ಹೊಡೆದವು.

"ಏನೈತಿ ಇದರಾಗ?" ಎಂದ ಮುಜಫ್ಫರ.

"ಏನಿಲ್ಲೋ, ಅಳಲಿಕಾಯಿ. ಚೀಪಿ ಇಟ್ಟಿದ್ದು."

ಅವಳು ಬಿಚ್ಚುವ ಮೊದಲೇ ಅವನು ಕಸಿದುಕೊಂಡ. ಎಂಜಲು ಗಿಂಜಲು ನೋಡಲಿಲ್ಲ. ಬೆಳ್ಳಗೆ ತಿರುಗಿದ್ದ ಅರಿವೆಯ ಮೇಲೆ ಅಳಲೆಯ ಚೂರನ್ನು ಒತ್ತಿ ಒತ್ತಿ ತಿಕ್ಕಿದ. ಅರಿವೆಯ ಮೇಲೆ ಬಿದ್ದದ್ದು ಕಂಡೂ ಕಾಣದ ಹಳದಿ. ನೀರಿಗೆ ಹಿಡಿದ. ತಿಕ್ಕಿದ ಜಾಗವೆಲ್ಲ ಮೊದಲು ಬೂದಿ, ಆಮೇಲೆ ಮೋಡ, ಆಮೇಲೆ ಕಾಗೆ. ಓಡಿ ಹೋಗಿ ಮಳೆನೀರಿನಲ್ಲಿ ಜಾಲಿಸಿದ. ಕಲ್ಲಿಗೆ ಬಡಿದ. ಉಗುರಿನಿಂದ ಕೆರೆದ. ಸುತ್ತಲಿನ ಕೆಂಪು ಹೋಯಿತು, ಕರಿ ಹೋಗಲಿಲ್ಲ.

"ಹೋಗವಲ್ದು! ಏ ಫಕೀರಾ, ಹೋಗವಲ್ದು ನೋಡಲೇ!"

ಫಕೀರೇಶನೂ ಕಸಿದುಕೊಂಡು ತಿಕ್ಕಿದ, ಯಶೋಧರಾಳೂ ತಿಕ್ಕಿದಳು. ಮೂವರೂ ಪಾಳಿಯ ಮೇಲೆ ಒಂದು ಗೇಣು ಅರಿವೆಯನ್ನು ಅಗಸರಂತೆ ಬಡಿದರು. ಆಮೇಲೆ ಯಶೋಧರಾ ಅಲ್ಲೇ ಕಲ್ಲಿನ ಮೇಲೆ ಕೂತಳು. ಮಕ್ಕಳಿಗೆ ಕಲಿಸಿ ಕಲಿಸಿ ಅವಳಿಗೆ ಒಂದು ಚಟ ಬಿದ್ದಿತ್ತು, ಲೆಕ್ಕ ಪೂರಾ ಬಿಡಿಸದೆ ಏಳುತ್ತಿರಲಿಲ್ಲ.

"ಅಲ್ಲೋ, ನೀರು ನಮ್ಮಿಬ್ಬರ ಮ್ಯಾಲೂ ಬಿತ್ತು. ನಮ್ಮ ಅರಿವಿ ಯಾಕ ಕರಿ ಆಗಲಿಲ್ಲ? ನಿನ್ನ ಅಂಗಿಗೆ ಅಳಲಿ ಹಚ್ಚಿದವರ್ಯಾರು?"

"ಯಾರು ಹಚ್ಚತಾರ? ಹೊಸಾ ಅಂಗಿ ಅದು."

"ಹೊಸಾದು ಖರೆ, ಬೆಳ್ಳಗೆಲ್ಲಿತ್ತು? ಝಂಡಾ ಏರಸೂ ಮುಂದ ಮಾಸ್ತರ ನಿನ್ನ ಕಿವಿ ಹಿಂಡಿದ್ರು, 'ಯಾಕಲೇ ಹಳದಿ ಅಂಗಿ ಹಾಕ್ಕೊಂಡ ಬಂದಿ' ಅಂತ. ನಾವಿಬ್ಬರೂ ನಕ್ಕಿದ್ವಿ. ಅಂಗಡಿ ಅರಿವಿ ಏನದು?"

ಅಂಗಡಿಯದಲ್ಲ. ಮುಜಫ್ಫರನಿಗೆ ಗೊತ್ತಿತ್ತು. ಅಂಗಡಿಗೆ ಹೋಗುವ ತ್ರಾಣ ಆ ವರ್ಷ ಅವರ ಮನೆಯಲ್ಲಿ ಇರಲಿಲ್ಲ. ಅಪ್ಪ ಸತ್ತ ಮೇಲೆ ಅವನ ಕೆಲಸದ ಖೋಲಿಯಲ್ಲಿ ಮಡಿಚಿಟ್ಟ ಒಂದು ತುಂಡು ಅರಿವೆ ಸಿಕ್ಕಿತ್ತು. ಬಿಳಿಯಂತೆಯೇ ಕಂಡದ್ದರಿಂದ ತಾಯಿ ಅದನ್ನೇ ಕತ್ತರಿಸಿ, ಕೈಯಲ್ಲೇ ಹೊಲಿದು ತೊಡಿಸಿದ್ದಳು. ಬಣ್ಣದ ಖೋಲಿಯೊಳಗೆ ಹೆಂಗಸರು ಕಾಲಿಡದ ಮನೆ ಅದು. ಆ ಅರಿವೆಗೆ ಏನು ಹಾಕಿದೆ, ಏನು ಹಾಕಿಲ್ಲ, ಅವಳಿಗೇನು ಗೊತ್ತು?

ಖೋಲಿಯ ಮೂಲೆಯಲ್ಲಿ ಅಳಲೆಕಾಯಿಯ ರಾಶಿ ಬಿದ್ದಿರುತ್ತಿತ್ತು. ಒಂದು ಸಲ ಮುಜಫ್ಫರ ಅದನ್ನು ಕದ್ದು ಕಚ್ಚಿ ಒಗರಿಗೆ ಮುಖ ಕಿವುಚಿದ್ದ. ಅಪ್ಪನಿಗೆ ಹೊಟ್ಟೆನೋವಿರಬೇಕು, ಔಷಧಿಗೆ ಇಟ್ಟಿದ್ದಾನೆ ಎಂದುಕೊಂಡಿದ್ದ. ಇಪ್ಪತ್ತು ವರ್ಷ ಹಾಗೇ ಅಂದುಕೊಂಡೇ ಇದ್ದ, ಹುಚ್ಚ!

"ಅಬ್ಬಾ ಅದ್ದಿ ಇಟ್ಟಿದ್ದ," ಎಂದ. "ಕರಿ ಹಾಕಬೇಕಂತ ಅಳಲಿ ನೀರಾಗ ಅದ್ದಿ, ಒಣಗಿಸಿ, ಮಡಿಚಿ ಇಟ್ಟಿದ್ದ. ಹಾಕೂದರೊಳಗ ಹೋದ."

ಮುಜಫ್ಫರನಿಗೆ ಅಳು ಒತ್ತರಿಸಿ ಬಂತು, ತಡೆಯಲಿಲ್ಲ. ಗಾಳಿ ಮುಟ್ಟಿದ ಹುಡುಗ ಎಂದು ಊರು ಕರೆದದ್ದು, ತಾಯಿ ಹೆದರಿ ಬದುಕಿದ್ದು, ತಾನು ಅಪ್ಪನನ್ನು ಈಗಷ್ಟೇ ಬೈದುಕೊಂಡದ್ದು ಎಲ್ಲ ಒಟ್ಟಿಗೇ ಬಂದು ಎದೆಯ ಮೇಲೆ ಕೂತವು. ಯಶೋಧರಾ ಅವನ ಬೆನ್ನಿನ ಮೇಲೆ ಕೈಯಿಟ್ಟಳು. ಫಕೀರೇಶ ಆ ಕಡೆ ಮುಖ ತಿರುಗಿಸಿ ಸುಮ್ಮಸುಮ್ಮನೆ ಮೂಗು ಒರೆಸಿಕೊಂಡ.

ಆಮೇಲೆ ಫಕೀರೇಶ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಮೊಬೈಲು ಹೊರಗೆ ತೆಗೆದ. ಗುಡ್ಡದ ಎತ್ತರಕ್ಕೆ ರೇಂಜು ಚಲೋ ಸಿಗುತ್ತಿತ್ತು.

"ಹಲೋ ಮೇಸ್ತ್ರಿ, ನಾನ್ರಿ, ಫಕೀರೇಶ. ನಮ್ಮ ದೋಸ್ತ ಒಬ್ಬ ಬರ್ತಾನ ಅಂತ ಹೇಳಿದ್ನೆಲ್ರಿ, ಅವ ಬರಂಗಿಲ್ರಿ... ಹೌದ್ರಿ... ಯಾಕಂದ್ರ..." ಅವನು ಫೋನಿಗೆ ಕೈ ಅಡ್ಡ ಹಿಡಿದು ತಿರುಗಿದ. "ಯಾಕ ಬರಂಗಿಲ್ಲ ಅಂತ ಕೇಳಾಕ ಹತ್ಯಾನ. ಏನ ಹೇಳಲಿ?"

ಮುಜಫ್ಫರ ಕರಿ ಅರಿವೆಯಿಂದಲೇ ಮುಖ ಒರೆಸಿಕೊಂಡ.

"ನಮ್ಮ ಅಬ್ಬಾ ಬಿಡವಲ್ಲ ಅಂತ ಹೇಳು."